ಹೆಚ್ಚು ಕಮ್ಮಿ ಇದ್ದರೆ ಹೇಳಿ

ಬಳೇಪೇಟೆಯ ಬಳೆ ವ್ಯಾಪಾರದ ಲಿಂಗಾಯತ ಮನೆತನಗಳು ಈಗ ಬಳೇಪೇಟೆಯಲ್ಲಿ ವಾಸವಿಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಅಂತ ಚದುರಿಹೋಗಿವೆ. ಅಂಗಡಿ ಉಳಿಸಿಕೊಂಡವರು ಬೆರಳೆಣಿಕೆಯಷ್ಟು. ಆದರೂ ಶಿವರಾತ್ರಿ ಕಳೆದ ಮೊದಲ ಭಾನುವಾರ ಎಲ್ಲರೂ ಪೇಟೆಯ ಹಳೇ ಮಠದ ಹಜಾರಕ್ಕೆ ಬಂದು ಸೇರುತ್ತಾರೆ. ಹಿಂದಿನ ಶಿವರಾತ್ರಿಯಿಂದ ಈಚೆಗೆ ತೀರಿಕೊಂಡವರ ಬದುಕನ್ನು ಅಂದು ಒಬ್ಬೊಬ್ಬರದಾಗಿ ಗಟ್ಟಿಯಾಗಿ ಓದುತ್ತಾರೆ. ಹೊಗಳಿಕೆಯ ಭಾಷಣವಲ್ಲ. ಎಲ್ಲಿ ಹುಟ್ಟಿದರು, ಏನು ಮಾಡಿಕೊಂಡಿದ್ದರು, ಯಾರ ಜೊತೆ ಬಾಳಿದರು, ಹೇಗೆ ಹೋದರು, ಅಷ್ಟೇ. ಓದಿದವರು ಕೊನೆಗೆ ತಲೆಯೆತ್ತಿ, ‘ಹೆಚ್ಚು ಕಮ್ಮಿ ಇದ್ದರೆ ಹೇಳಿ’ ಎಂದು ಕೇಳುತ್ತಾರೆ. ಸಭೆ ‘ಇಲ್ಲ’ ಎಂದರೆ ಸತ್ತವರ ಮನೆಯವರೊಬ್ಬರು ಎದ್ದು ಬಂದು ಅಯ್ಯನವರ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳುತ್ತಾರೆ. ಯಾರಾದರೂ ಒಬ್ಬರು ‘ಇದೆ’ ಎಂದು, ಅದು ಅಲ್ಲೇ ಬಗೆಹರಿಯದಿದ್ದರೆ ಆ ಬದುಕು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಶಿವರಾತ್ರಿಯವರೆಗೆ ಆ ಮನೆಗೆ ವಿಭೂತಿಯಿಲ್ಲ. ಗಿರಾಕಿಯ ಕಣ್ಣೆದುರೇ ಡಜನ್ ಎಣಿಸಿ ಕೊಟ್ಟು ರೂಢಿಯಾದ ಜನ ಮಾಡಿಕೊಂಡ ಪದ್ಧತಿ ಇದು.

ಬರೆಯುವ ಕೆಲಸ ವಿಶ್ವಾರಾಧ್ಯರದು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ಸುದ್ದಿ ತಿದ್ದುತ್ತಲೇ ತಲೆ ಬೆಳ್ಳಗಾದ ಮನುಷ್ಯ. ನಿವೃತ್ತಿಯಾದ ಮೇಲೆ ಈ ಕೆಲಸ ಹೆಗಲಿಗೇರಿತು. ಒಂದೇ ಬಾಯಿಂದ ಬಂದ ಮಾತನ್ನು ಅವರು ಬರೆಯುವುದಿಲ್ಲ. ಎರಡನೇ ಬಾಯಿ ಬೇಕು. ಅದೂ ಒಂದೇ ಮನೆಯದಾಗಿರಬಾರದು. ಹೋದ ವರ್ಷ ಒಬ್ಬ ಮಗ ‘ನಮ್ಮ ತಂದೆ ಸ್ವಾತಂತ್ರ್ಯ ಹೋರಾಟದಲ್ಲಿದ್ದರು’ ಎಂದು ಬರೆದುಕೊಟ್ಟಾಗ, ಹೋರಾಟ ಮುಗಿದಾಗ ನಿಮ್ಮ ತಂದೆ ತೊಟ್ಟಿಲಲ್ಲಿದ್ದರು ಎಂದು ಹೇಳಿ ಹೊಡೆದುಹಾಕಿದ್ದರು. ಆ ಮನೆಯವರು ಇವತ್ತಿಗೂ ಮಾತಾಡಿಸುವುದಿಲ್ಲ.

ಈ ವರ್ಷ ನಾಲ್ವರು ಹೋಗಿದ್ದರು. ಮೂವರದು ಬರೆದಾಗಿತ್ತು. ಉಳಿದದ್ದು ಗಿರಿಜಾಂಬಾ ಒಬ್ಬರದು. ಸುಲಭ ಅಂದುಕೊಂಡೇ ಅದನ್ನು ಕೊನೆಗಿಟ್ಟುಕೊಂಡಿದ್ದರು. ಆ ಹೆಂಗಸನ್ನು ಪೇಟೆಯಲ್ಲಿ ಅರಿಯದವರಿಲ್ಲ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಬಿನ್ನಿಪೇಟೆಯ ಮಿಲ್ಲಿನ ಗೇಟಿನ ಮುಂದೆ ಕೂತು ಕೆಲಸ ಬಿಟ್ಟು ಬರುವ ಹೆಂಗಸರಿಗೆ ಬಳೆ ತೊಡಿಸಿದವರು. ಮದುವೆಯಾಗಿ ಬಂದ ಮೇಲೆ ಗಂಡನ ಅಂಗಡಿಯಲ್ಲಿ, ಗಂಡ ಹೋದ ಮೇಲೆ ತಾವೇ. ಕೈ ಹಿಡಿದರೆ ಸಾಕು, ಅಳತೆ ಹೇಳುತ್ತಿದ್ದರು. ಇದಕ್ಕೆ ವಿಶ್ವಾರಾಧ್ಯರಿಗೆ ಬೇರೆ ಬೇರೆ ಮನೆಯ ಸಾಕ್ಷಿಗಳೇ ಸಿಕ್ಕಿದ್ದರು.

ಪೆನ್ನು ತೆರೆಯುವ ಹೊತ್ತಿಗೆ ವಿಶಾಲಮ್ಮನ ಫೋನ್ ಬಂತು. ವಿಶಾಲಮ್ಮ ಗಿರಿಜಾಂಬಾ ಅವರ ಗಂಡನ ತಂಗಿ.

‘ಏನ್ರೀ ವಿಶ್ವಾರಾಧ್ಯ, ನಮ್ಮತ್ತಿಗೇದು ಬರೆದಾಯ್ತಾ?’

‘ಇನ್ನೂ ಇಲ್ಲ.’

‘ಒಳ್ಳೇದಾಯ್ತು ಬಿಡಿ. ಕರಡಿಗೆ ಎಲ್ಲಿ ಅಂತ ಮೊದಲು ಕೇಳಿ. ಆಮೇಲೆ ಬರೀರಿ.’

ಕರಡಿಗೆ ಎಂದರೆ ಕೊರಳಲ್ಲಿ ಧರಿಸುವ ಲಿಂಗವನ್ನು ಇಡುವ ಬೆಳ್ಳಿಯ ಭರಣಿ. ಗಿರಿಜಾಂಬಾ ಅವರದ್ದು ಹಳೇ ಕಾಲದ್ದು, ಕೋಳಿಮೊಟ್ಟೆಯಷ್ಟು ದಪ್ಪ, ಒಂದು ಮಗ್ಗುಲಿಗೆ ತಗ್ಗು ಬಿದ್ದಿತ್ತು. ವಿಶಾಲಮ್ಮನ ತಾಯಿಯಿಂದ ಅದು ಸೊಸೆ ಗಿರಿಜಾಂಬಾಗೆ ಬಂದಿತ್ತು. ಸತ್ತವರ ಲಿಂಗವನ್ನು ಅವರ ಎಡಗೈಯಲ್ಲಿಟ್ಟು ಜೊತೆಗೇ ಮಣ್ಣು ಮಾಡುತ್ತಾರೆ. ಲಿಂಗ ಒಬ್ಬರಿಗೆ ಒಂದೇ, ಅವರ ಜೊತೆಗೇ ಹೋಗಬೇಕು. ಬೆಳ್ಳಿ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಖಾಲಿಯಾದ ಕರಡಿಗೆಯನ್ನು ಹನ್ನೊಂದನೆಯ ದಿನ ಫೋಟೋ ಮುಂದಿಡುವುದು ಆ ಮನೆಯ ಪದ್ಧತಿ.

‘ಇಟ್ಟಿರಲಿಲ್ವಾ?’ ಎಂದು ಕೇಳಿದರು ವಿಶ್ವಾರಾಧ್ಯ.

‘ದೀಪ ಇಟ್ಟಿದ್ರು, ಹೂ ಇಟ್ಟಿದ್ರು. ಕರಡಿಗೆ ಇರಲಿಲ್ಲ. ನಾನು ಕೇಳ್ದೆ. ಈಶ್ವರ ನೆಲ ನೋಡ್ದ. ಆ ಶ್ರೀರಾಂಪುರದೋಳು ಕಾಫಿ ತರ್ತೀನಿ ಅಂತ ಒಳಗೆ ಹೋದ್ಳು, ಬರಲೇ ಇಲ್ಲ.’

‘ಶ್ರೀರಾಂಪುರದೋಳು’ ಎಂದರೆ ಗಿರಿಜಾಂಬಾ ಅವರ ಮಗ ಈಶ್ವರನ ಹೆಂಡತಿ ಯಶಶ್ರೀ. ಮದುವೆಯಾಗಿ ಎಂಟನೇ ವರ್ಷ. ಒಕ್ಕಲಿಗರ ಹುಡುಗಿ, ಇಬ್ಬರೂ ಮೆಚ್ಚಿ ಮಾಡಿಕೊಂಡದ್ದು.

‘ಕರಡಿಗೆ ಸೊಸೆಗೇ ಹೋಗಬೇಕಾದ್ದಲ್ವಾ ವಿಶಾಲಮ್ಮ?’

‘ಲಿಂಗ ಕಟ್ಟಿಸ್ಕೊಂಡ ಸೊಸೆಗೆ. ಇವಳಿಗೆ ಯಾರ್ರೀ ಕಟ್ಟಿದಾರೆ? ಲಿಂಗ ಇಲ್ದೋಳಿಗೆ ಕರಡಿಗೆ ಯಾಕೆ? ಕರಗಿಸಿ ಕಾಲಿಗೆ ಚೈನು ಮಾಡ್ಸಿರ್ತಾಳೆ. ಭಾನುವಾರ ನೀವು ಹೆಚ್ಚು ಕಮ್ಮಿ ಅಂತ ಕೇಳ್ತೀರಲ್ಲ, ಆಗ ನಾನು ಎದ್ದು ನಿಂತ್ಕೋತೀನಿ. ಮುಂಚೇನೇ ಹೇಳಿದೀನಿ, ಆಮೇಲೆ ಅನ್ಬೇಡಿ.’

ವಿಶಾಲಮ್ಮ ನುಡಿದಂತೆ ನಡೆಯುವ ಹೆಂಗಸು. ಆಕೆ ತುಂಬಿದ ಹಜಾರದಲ್ಲಿ ಎದ್ದು ನಿಂತರೆ ಗಿರಿಜಾಂಬಾ ಅವರ ಬದುಕು ಒಂದು ವರ್ಷ ನಿಲ್ಲುತ್ತದೆ. ಯಶಶ್ರೀಗೆ ಹತ್ತುವ ಕಳ್ಳಿ ಎಂಬ ಹೆಸರು ಒಂದು ವರ್ಷಕ್ಕೆ ನಿಲ್ಲುವುದಿಲ್ಲ.

ವಿಶ್ವಾರಾಧ್ಯ ಅಂದೇ ಸಂಜೆ ಚಾಮರಾಜಪೇಟೆಯ ಆ ಮನೆಗೆ ಹೋದರು. ಗಂಡಹೆಂಡತಿ ಆಗತಾನೇ ಅಂಗಡಿ ಮುಚ್ಚಿ ಬಂದಿದ್ದರು. ಈಶ್ವರ ತಾಯಿಯ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟ. ಕೊನೆಗೆ ವಿಶ್ವಾರಾಧ್ಯ, ಎಲೆ ಅಡಿಕೆ ಕೇಳುವಷ್ಟು ಸಲೀಸಾಗಿ, ‘ಕರಡಿಗೆ ಎಲ್ಲಿದೆ?’ ಎಂದರು.

‘ಪಾಲಿಶ್‌ಗೆ ಕೊಟ್ಟಿದೀವಿ’ ಎಂದ ಈಶ್ವರ.

ಅದೇ ಗಳಿಗೆಯಲ್ಲಿ ಅಡುಗೆಮನೆಯ ಬಾಗಿಲಿಂದ ಯಶಶ್ರೀ, ‘ಬೀರುವಿನಲ್ಲಿದೆ ಸಾರ್, ಕೀ ಸಿಗ್ತಿಲ್ಲ’ ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಶ್ವಾರಾಧ್ಯ ಮುಂದೆ ಏನನ್ನೂ ಕೇಳಲಿಲ್ಲ. ಒಂದು ಘಟನೆಗೆ ಎರಡು ಕಥೆ ಬಂದಾಗ ಎರಡೂ ಸುಳ್ಳು ಇರಬಹುದು ಎಂಬುದು ಅವರು ಡೆಸ್ಕಿನಲ್ಲಿ ಕಲಿತ ಪಾಠ. ಹೊರಡುವಾಗ ಕಣ್ಣು ತಾನಾಗಿಯೇ ಹುಡುಗಿಯ ಕಾಲಿನ ಕಡೆ ಹೋಯಿತು. ಚೈನು ಇರಲಿಲ್ಲ. ನೋಡಿದ್ದಕ್ಕೆ ಅವರಿಗೇ ಇರಿಸುಮುರಿಸಾಯಿತು, ಅನುಮಾನ ಮಾತ್ರ ಕಡಿಮೆಯಾಗಲಿಲ್ಲ.

ಮರುದಿನ ಬಳೇಪೇಟೆಗೆ ಹೋದರು. ಆ ಮನೆತನಗಳ ಬೆಳ್ಳಿ ಕೆಲಸವೆಲ್ಲ ಸೊಣ್ಣಪ್ಪನ ಅಂಗಡಿಯಲ್ಲೇ. ಕೈಗಾಡಿಯೊಂದು ಓಣಿಗೆ ಅಡ್ಡ ನಿಂತು ಸ್ಕೂಟರಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದ ಗದ್ದಲದಲ್ಲಿ ಸೊಣ್ಣಪ್ಪ ಕಿವಿಗೆ ಕೈ ಆನಿಸಿ ಪ್ರಶ್ನೆ ಕೇಳಿಸಿಕೊಂಡ.

‘ತಗ್ಗು ಬಿದ್ದಿರೋ ಕರಡಿಗೆ ತಾನೇ? ಬಂದಿತ್ತು ಸ್ವಾಮಿ. ಕೊಂಡಿ ಸವೆದಿತ್ತು, ಹೊಸದು ಹಾಕ್ಕೊಟ್ಟೆ. ತಗ್ಗೂ ತೆಗೀಲಾ ಅಂದೆ. ಬೇಡ, ಹಂಗೇ ಇರ್ಲಿ ಅಂದ್ರು.’

‘ಯಾರು ತಂದಿದ್ದು?’

‘ಸೊಸೆ. ಆ ಹೆಣ್ಣುಮಗಳು ಒಬ್ಳೇ ಬಂದಿದ್ಳು.’

‘ತಿಥಿ ಆದ ಮೇಲೇನಾ?’

‘ಏನ್ ತಿಥಿ? ದೀಪಾವಳಿಗೆ ಮುಂಚೆ! ಪಟಾಕಿ ಅಂಗಡಿ ಹಾಕ್ತಿದ್ರು. ಗಿರಿಜಮ್ಮೋರು ಆಗ ಬದುಕಿದ್ರಲ್ಲ.’ ಸೊಣ್ಣಪ್ಪ ಊದುಗೊಳವೆ ಕೆಳಗಿಟ್ಟ. ‘ಒಳಗಿದ್ದ ಲಿಂಗ ತೆಗ್ದು ಅಂಗೈಲಿ ಮುಚ್ಕೊಂಡು ಕೂತಿದ್ಳು, ನಾನು ಕೆಲಸ ಮುಗ್ಸೋವರ್ಗೂ. ಟೀ ತರ್ಸಿದ್ರೆ ಕುಡೀಲಿಲ್ಲ.’

ವಿಶ್ವಾರಾಧ್ಯ ಅಲ್ಲೇ ನಿಂತು ತಿಂಗಳು ಲೆಕ್ಕ ಹಾಕಿದರು. ಗಿರಿಜಾಂಬಾ ತೀರಿಕೊಂಡದ್ದು ಸಂಕ್ರಾಂತಿ ಆದ ಮೇಲೆ. ಹಾಗಿದ್ದರೆ ದೀಪಾವಳಿಗೆ ಮೊದಲೇ ಲಿಂಗ ಅವರ ಮೈಮೇಲಿಂದ ಬೇರೆಯಾಗಿತ್ತು. ಅವರ ಜನರಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಕಟ್ಟಿಕೊಂಡ ಲಿಂಗ ಸ್ನಾನದಲ್ಲೂ ನಿದ್ದೆಯಲ್ಲೂ ಮೈ ಬಿಡಬಾರದು, ಇನ್ನೊಬ್ಬರ ಕೈ ಅದಕ್ಕೆ ತಾಗಬಾರದು. ಅದು ಹೋದರೆ ಬದುಕಿದ್ದೂ ಇಲ್ಲದ ಹಾಗೆ. ಬೆಳ್ಳಿ ಕದ್ದದ್ದಾದರೆ ಬೆಳ್ಳಿಯ ಮಾತು. ಹಾಸಿಗೆ ಹಿಡಿದ ಮುದುಕಿಯ ಕೊರಳಿಂದ ಲಿಂಗವನ್ನೇ ತೆಗೆದಿದ್ದರೆ?

ಮನೆಗೆ ಬಂದು ಬಳಗದ ವಾಟ್ಸಾಪ್ ಗುಂಪಿನಲ್ಲಿ ಸಂಕ್ರಾಂತಿಯ ಫೋಟೋ ಹುಡುಕಿದರು. ಗಿರಿಜಾಂಬಾ ಮಂಚದ ಮೇಲೆ ದಿಂಬಿಗೊರಗಿ ಎಳ್ಳುಬೆಲ್ಲದ ತಟ್ಟೆ ಹಿಡಿದಿದ್ದರು. ಬೆರಳಿನಿಂದ ಎಳೆದು ದೊಡ್ಡದು ಮಾಡಿದರು. ಸೆರಗು ಸರಿದಿತ್ತು. ಕೊರಳಲ್ಲಿ ಲಿಂಗದ ದಾರ ಇರಲಿಲ್ಲ. ಮುದುಕಿ ಮಾತ್ರ ನಗುತ್ತಿದ್ದರು. ನಗು ಸಾಕ್ಷಿಯಾಗುವುದಿಲ್ಲ ಎಂದುಕೊಂಡು ವಿಶ್ವಾರಾಧ್ಯ ಫೋನ್ ಮಗುಚಿಟ್ಟರು.

ಇನ್ನು ಕೇಳಬೇಕಾದವರು ಮಠದ ಅಯ್ಯನವರು, ಪಂಚಾಕ್ಷರಯ್ಯ. ಲಿಂಗ ಕಟ್ಟುವವರೂ ಅವರೇ, ಮಣ್ಣು ಮಾಡಿಸುವವರೂ ಅವರೇ. ಗಿರಿಜಾಂಬಾ ಅವರ ಅಂಗೈಗೆ ಕೊನೆಯದಾಗಿ ಕೈ ತಾಗಿಸಿದವರೂ ಅವರೇ. ಹಾಗಾದರೆ ಅಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಗೊತ್ತಿರಲೇಬೇಕು. ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದಾರೆ.

‘ಅಯ್ಯನೋರೇ, ಗಿರಿಜಮ್ಮನ ಕೈಯಲ್ಲಿ ಏನಿಟ್ರಿ?’

ಪಂಚಾಕ್ಷರಯ್ಯ ಪತ್ರೆ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. ‘ಇನ್ನೇನು ಇಡ್ತಾರೆ? ಲಿಂಗ.’

‘ಯಾರ ಲಿಂಗ?’

ಈಗ ತಲೆಯೆತ್ತಿದರು. ‘ಪೇಪರ್‌ನೋರ ಬುದ್ಧಿ ಹೋಗಲ್ಲ ನೋಡಿ. ಲಿಂಗ ಇಟ್ರು ಅಂತ ಬರ್ಕೊಳಿ. ಸಾಕು.’

‘ಅವರ ಕೊರಳಲ್ಲಿ ಸಂಕ್ರಾಂತಿಗೇ ಇರಲಿಲ್ಲ. ಫೋಟೋ ಇದೆ.’

‘ಫೋಟೋಲಿ ನನ್ನ ತಲೇಲೂ ಕೂದಲಿದೆ’ ಎಂದು ಅಯ್ಯನವರು ಬೋಳು ತಲೆ ಸವರಿಕೊಂಡು ಎದ್ದುಬಿಟ್ಟರು. ನಗೆಯ ಮಾತು. ಹೇಳಿದವರು ನಗಲಿಲ್ಲ.

ಶನಿವಾರ ಮಧ್ಯಾಹ್ನ ವಿಶ್ವಾರಾಧ್ಯ ಬಳೆ ಅಂಗಡಿಗೆ ಹೋದಾಗ ಈಶ್ವರ ಊಟಕ್ಕೆ ಹೋಗಿದ್ದ. ಯಶಶ್ರೀ ತುಂಬುಬಸುರಿಯೊಬ್ಬಳ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದಳು. ಅಳತೆ ಕೇಳಿರಲಿಲ್ಲ, ಗೆಣ್ಣು ಒತ್ತಿ ನೋಡಿ ಪೆಟ್ಟಿಗೆ ಇಳಿಸಿದ್ದಳು. ‘ಕೈ ಸಡಿಲ ಬಿಡಮ್ಮ, ಪರೀಕ್ಷೆ ಬರೀತಿಲ್ಲ ನೀನು’ ಎಂದು ಆಕೆ ಅಂದದ್ದು ಗಿರಿಜಾಂಬಾ ಅವರ ಮಾತು, ಅವರದೇ ರಾಗ. ವಿಶ್ವಾರಾಧ್ಯರಿಗೆ ಅದೂ ಅನುಮಾನವನ್ನೇ ತಂದಿತು. ಈ ಹುಡುಗಿ ಏನೇನು ತೆಗೆದುಕೊಂಡಿದ್ದಾಳೆ?

ಗಿರಾಕಿ ಹೋದ ಮೇಲೆ ಅವರು ಸುತ್ತಿ ಬಳಸಲಿಲ್ಲ.

‘ಸೊಣ್ಣಪ್ಪ ಹೇಳಿದ. ಗಿರಿಜಮ್ಮ ಬದುಕಿದ್ದಾಗಲೇ ಅವರ ಲಿಂಗ ತೆಗೆದಿದ್ದೀರಿ.’

ಯಶಶ್ರೀ ಒಡೆದ ಬಳೆಯ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡುತ್ತಿದ್ದಳು. ಕೈ ನಿಂತಿತು.

‘ನಾನು ತೆಗೀಲಿಲ್ಲ ಸಾರ್.’

‘ಈಶ್ವರ?’

‘ಅತ್ತೇನೇ ತೆಗೆದ್ರು.’ ಓಣಿಯ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು. ‘ಮದುವೆ ಆದ ವರ್ಷಾನೇ ಇವರು ನನಗೆ ಅಂತ ಲಿಂಗ ತಂದು ಅಯ್ಯನೋರ ಕೈಲಿ ಕೊಟ್ಟಿದ್ರು, ದೀಕ್ಷೆ ಮಾಡಿ ಕಟ್ಟಿ ಅಂತ. ಒಂದ್ಸಲ ದಿನ ಚೆನ್ನಾಗಿಲ್ಲ ಅಂದ್ರು. ಒಂದ್ಸಲ ಹಿರಿಯರು ಒಪ್ಲಿ ಅಂದ್ರು. ವಿಶಾಲತ್ತೆ ಒಪ್ಪಬೇಕಲ್ಲ! ಅತ್ತೆ ಪೂಜೆಗೆ ಕೂತ್ರೆ ನೀರಿನ ಚೊಂಬು ಸಹ ನಾನು ಮುಟ್ಟೋ ಹಾಗಿರಲಿಲ್ಲ. ಅವರಿಗೆ ಕೈ ನಡುಗೋಕೆ ಶುರುವಾದ ಮೇಲೆ ನೀರು ಯಾರು ಕೊಡ್ಬೇಕು? ಒಂದು ಸೋಮವಾರ ಕರೆದು ಕೂರಿಸ್ಕೊಂಡ್ರು. ತಮ್ಮದು ಬಿಚ್ಚಿ ನನಗೆ ಕಟ್ಟಿದ್ರು. “ನಿಂದು ಬರೋವರ್ಗೂ ಕಾಯೋಕೆ ನನಗೆ ಪುರುಸೊತ್ತಿಲ್ಲ ಕಣೆ” ಅಂದ್ರು.’

ಆಕೆ ದುಪಟ್ಟಾದ ಮೇಲಿಂದ ಎದೆಯನ್ನು ಒತ್ತಿಕೊಂಡಳು. ಬಟ್ಟೆಯ ಕೆಳಗೆ ಕೋಳಿಮೊಟ್ಟೆಯ ಆಕಾರ ಮೂಡಿತು.

‘ಎಲ್ರೂ ಖಾಲಿ ಕರಡಿಗೆ ಎಲ್ಲಿ ಅಂತ ಕೇಳ್ತಾರೆ. ಖಾಲಿ ಇಲ್ಲ ಸಾರ್ ಇದು.’

‘ಹಾಗಾದ್ರೆ ಅವರ ಕೈಯಲ್ಲಿ ಏನಿತ್ತು?’

‘ಬಟ್ಟೇಲಿ ವಿಭೂತಿ ಗಟ್ಟಿ ಸುತ್ತಿ ನಾನೇ ಇಟ್ಟಿದ್ದೆ. ಅಯ್ಯನೋರು ಬಂದು ನಮ್ಮನ್ನ ಆಚೆ ಕಳ್ಸಿದ್ರು.’ ಒಟ್ಟುಮಾಡಿದ ಚೂರುಗಳನ್ನು ಡಬ್ಬಿಗೆ ಸುರಿದಳು. ‘ಇದನ್ನ ಬರೀಬೇಡಿ. ನನ್ನ ಕಳ್ಳಿ ಅಂದ್ಕೊಳ್ಳಲಿ, ಪರವಾಗಿಲ್ಲ. ಅತ್ತೆ ಲಿಂಗ ಇಲ್ದೆ ಹೋದ್ರು ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು. ಬರೀತೀರಾ?’

‘ಒಂದೇ ಬಾಯಿಂದ ಬಂದದ್ದನ್ನ ನಾನು ಬರೆಯೋದಿಲ್ಲ’ ಎಂದರು ವಿಶ್ವಾರಾಧ್ಯ.

ಸಮಾಧಾನ ಹೇಳಲೆಂದು ಅಂದದ್ದಲ್ಲ. ಇಷ್ಟು ಅಚ್ಚುಕಟ್ಟಾದ ಕಥೆಯನ್ನು ಸಿಕ್ಕಿಬಿದ್ದವರೂ ಹೇಳಬಲ್ಲರು. ಗಂಡನ ಮಾತು ಅದೇ ಮನೆಯ ಬಾಯಿ. ಕೊಟ್ಟ ಗಿರಿಜಾಂಬಾ ಈಗ ಬದುಕಿಲ್ಲ. ಅಂದು ಸಂಜೆ ಪಂಚಾಕ್ಷರಯ್ಯನವರಿಗೆ ಫೋನ್ ಮಾಡಿ, ‘ನಾಳೆ ಸಭೆಯಲ್ಲಿ ನಿಮ್ಮನ್ನೇ ಕೇಳಬೇಕಾದೀತು’ ಎಂದರು. ‘ಕೇಳಿ’ ಎಂದು ಅಯ್ಯನವರು ಇಟ್ಟುಬಿಟ್ಟರು. ಇದು ಒಪ್ಪಿಗೆಯೋ ಬೆದರಿಕೆಯೋ ಎಂದು ತಿಳಿಯದೆ ವಿಶ್ವಾರಾಧ್ಯ ಗಿರಿಜಾಂಬಾ ಅವರ ಬದುಕನ್ನು ಬರೆದು ಮುಗಿಸಿದರು. ಕಾಯಿಲೆಗೂ ಸಾವಿಗೂ ನಡುವೆ ಒಂದಿಷ್ಟು ಜಾಗ ಖಾಲಿ ಬಿಟ್ಟರು.

ಭಾನುವಾರ ಹಜಾರ ತುಂಬಿತ್ತು. ಮೊದಲ ಮೂವರ ಬದುಕು ತೊಡಕಿಲ್ಲದೆ ದಾಟಿತು. ಮೂರನೆಯವರದು ಓದುವಾಗ ಯಾರೋ ಹಿಂದಿನಿಂದ, ‘ಸಾಲು ಸಾಲು ಪಾರಿವಾಳ ಸಾಕಿದ್ದ, ಅದನ್ನ ಬಿಟ್ರಲ್ಲ’ ಎಂದರು. ಇನ್ನೊಬ್ಬರು ಹೌದೆಂದ ಮೇಲೆ ವಿಶ್ವಾರಾಧ್ಯ ಅಲ್ಲೇ ಸೇರಿಸಿದರು. ಆಮೇಲೆ ಗಿರಿಜಾಂಬಾ. ಮಿಲ್ಲಿನ ಗೇಟು, ಅಪ್ಪನ ಬುಟ್ಟಿ, ಕೈ ಹಿಡಿದು ಹೇಳುವ ಅಳತೆ. ಹೆಂಗಸರ ಸಾಲಿನಲ್ಲಿ ಕೆಲವರು ತಮ್ಮ ಕೈ ತಾವೇ ಸವರಿಕೊಂಡರು. ಈಶ್ವರ ಮುಂದಿನ ಸಾಲಿನಲ್ಲಿದ್ದ. ಯಶಶ್ರೀ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ, ಹೊರಟು ನಿಂತವಳ ಹಾಗೆ ಕೂತಿದ್ದಳು.

‘ಹೆಚ್ಚು ಕಮ್ಮಿ ಇದ್ದರೆ ಹೇಳಿ.’

‘ಇದೆ.’ ವಿಶಾಲಮ್ಮ ಎದ್ದಿದ್ದರು. ‘ಕಮ್ಮಿ ಇದೆ. ನಮ್ಮಮ್ಮನ ಕರಡಿಗೆ ಎಲ್ಲಿ ಅಂತ ಬರೆದಿಲ್ಲ. ಮನೆಯೋರೇ ಹೇಳ್ಲಿ.’

ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು. ಯಶಶ್ರೀ ವಿಶ್ವಾರಾಧ್ಯರನ್ನೇ ನೋಡುತ್ತಿದ್ದಳು, ಬೇಡ ಎಂಬಂತೆ.

‘ನನಗೆ ತಿಳಿದದ್ದು ಒಂದೇ ಬಾಯಿಂದ ತಿಳಿದದ್ದು’ ಎಂದರು ವಿಶ್ವಾರಾಧ್ಯ. ‘ಅದಕ್ಕೇ ಬರೆದಿಲ್ಲ. ಎರಡನೇದು ಇಲ್ಲೇ ಇದೆ. ಅಯ್ಯನೋರೇ, ಗಿರಿಜಮ್ಮನ ಕೈಯಲ್ಲಿ ನೀವಿಟ್ಟದ್ದು ಯಾರ ಲಿಂಗ?’

ಪಂಚಾಕ್ಷರಯ್ಯ ವಿಭೂತಿಯ ತಟ್ಟೆಯನ್ನು ಮಡಿಲಿಂದ ಕೆಳಗಿಟ್ಟರು.

‘ಗಿರಿಜಮ್ಮನ್ದು ಅಲ್ಲ.’

ಹಜಾರದಲ್ಲಿ ಗುಲ್ಲೆದ್ದಿತು. ಅಯ್ಯನವರು ಅದು ಅಡಗುವವರೆಗೆ ಕಾದರು.

‘ಬಟ್ಟೆ ಬಿಚ್ಚಿದೆ. ಒಳಗೆ ವಿಭೂತಿ ಗಟ್ಟಿ ಇತ್ತು. ಕೊರಳಲ್ಲಿ ದಾರ ಇಲ್ಲ. ಆಚೆ ಕಳ್ಸಿದಾಗ ಆ ಹುಡುಗಿ ಎದೆ ಮೇಲೆ ಕೈ ಇಟ್ಕೊಂಡೇ ಹೋಗಿದ್ಳು. “ನೀವು ಕಟ್ಟದಿದ್ರೆ ನಂದೇ ಬಿಚ್ಚಿ ಕಟ್ತೀನಿ” ಅಂತ ಗಿರಿಜಮ್ಮ ಒಂದ್ಸಲ ನನಗೆ ಅಂದಿದ್ರು. ತಿಳೀತು. ಅವಳಿಗೆ ಅಂತ ಈಶ್ವರ ತಂದುಕೊಟ್ಟಿದ್ದ ಲಿಂಗ ನನ್ನ ಜೋಳಿಗೇಲೇ ಇತ್ತು, ಇಷ್ಟು ವರ್ಷದಿಂದ. ಅದನ್ನ ಗಿರಿಜಮ್ಮನ ಕೈಲಿಟ್ಟೆ.’

‘ಮಂತ್ರ?’ ಎಂದರು ಮುಂದಿನ ಸಾಲಿನ ಹಿರಿಯರೊಬ್ಬರು.

‘ಹೇಳ್ದೆ. ದಿನ ನೋಡಲಿಲ್ಲ, ಯಾರ ಒಪ್ಪಿಗೇನೂ ಕೇಳಲಿಲ್ಲ. ಹಾಗೇನೇ ಮುಗೀತು.’

ಬಾಗಿಲ ಬಳಿ ಯಶಶ್ರೀ ಬಾಯಿಗೆ ದುಪಟ್ಟಾ ಒತ್ತಿ ಹಿಡಿದಿದ್ದಳು. ಅತ್ತೆ ಬರಿಗೈಯಲ್ಲಿ ಹೋಗಿರಲಿಲ್ಲ ಎಂಬುದು ಅವಳಿಗೂ ಈಗಲೇ ಗೊತ್ತಾದದ್ದು ಎಂದು ವಿಶ್ವಾರಾಧ್ಯರಿಗೆ ಅನ್ನಿಸಿತು. ವಾರದಿಂದ ಹೊತ್ತು ತಿರುಗಿದ ಅನುಮಾನ ಅಲ್ಲಿ ಸಡಿಲವಾಯಿತು.

‘ಇಷ್ಟು ದಿನ ಬಾಯಿ ಮುಚ್ಕೊಂಡಿದ್ರಲ್ಲ ಸ್ವಾಮಿ?’ ವಿಶಾಲಮ್ಮ ಕೂತಿರಲಿಲ್ಲ.

‘ಎಲ್ರೂ ಬೆಳ್ಳಿ ಕೇಳ್ತಿದ್ರು ತಾಯಿ. ಲಿಂಗ ಕೇಳಿದೋರು ಒಬ್ರೇ. ಅವರಿಗೆ ಅರ್ಧ ಹೇಳ್ದೆ.’

‘ಹಾಗಾದ್ರೆ ಕರಡಿಗೆ?’

ಯಶಶ್ರೀ ಎದ್ದಳು. ಸಾಲುಗಳ ನಡುವೆ ನಡೆದು ಬಂದು ವಿಶಾಲಮ್ಮನ ಮುಂದೆ ನಿಂತು ದುಪಟ್ಟಾ ಸರಿಸಿದಳು. ಹೊಸ ಕೊಂಡಿ ಹೊಳೆಯಿತು. ಮಗ್ಗುಲಲ್ಲಿ ಹಳೆಯ ತಗ್ಗು ಹಾಗೇ ಇತ್ತು. ವಿಶಾಲಮ್ಮನ ಕೈ ತಾನಾಗಿ ಮುಂದಕ್ಕೆ ಹೋಯಿತು, ತಾಯಿಯ ಎದೆಯ ಮೇಲೆ ಆಡುವ ಕಾಲದಲ್ಲಿ ಬೆರಳಿಡುತ್ತಿದ್ದ ಆ ತಗ್ಗಿನ ಕಡೆಗೆ. ಇನ್ನೇನು ತಾಗಬೇಕು, ಅಲ್ಲಿಗೇ ನಿಂತಿತು. ಒಬ್ಬರು ಧರಿಸಿದ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ವಿಶಾಲಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡರು.

ಅದನ್ನು ಇಡೀ ಹಜಾರ ನೋಡಿತು.

ವಿಶ್ವಾರಾಧ್ಯ ಬಿಟ್ಟಿದ್ದ ಜಾಗದಲ್ಲಿ ಬರೆದು ಓದಿದರು: ‘ದೀಪಾವಳಿಗೆ ಮೊದಲು ತಮ್ಮ ಲಿಂಗವನ್ನು ಕರಡಿಗೆಯ ಸಮೇತ ಸೊಸೆ ಯಶಶ್ರೀಗೆ ಕಟ್ಟಿದರು. ಯಶಶ್ರೀಗೆಂದು ತಂದಿದ್ದ ಲಿಂಗದೊಡನೆ ಮಣ್ಣಾದರು.’ ಕಾಗದದಿಂದ ತಲೆಯೆತ್ತಿದರು. ‘ಹೆಚ್ಚು ಕಮ್ಮಿ ಇದ್ದರೆ ಹೇಳಿ.’

ಅಲ್ಲಲ್ಲಿ ‘ಇಲ್ಲ’ ಎಂಬ ದನಿ ಬಂತು. ಕೆಲವರು ವಿಶಾಲಮ್ಮನ ಮುಖ ನೋಡಿದರು. ವಿಶಾಲಮ್ಮ ಇನ್ನೂ ನಿಂತೇ ಇದ್ದರು.

‘ಅವಳು ಮಾಡಿದ್ದು ಸರಿ ಅಂತ ನಾನು ಹೇಳಲ್ಲ’ ಎಂದರು. ‘ಅತ್ತಿಗೆ ಮಾಡಿದ್ದೂ ಅಷ್ಟೇ.’

‘ನಾನು ಅದನ್ನ ಕೇಳ್ತಿಲ್ಲ ವಿಶಾಲಮ್ಮ. ಓದಿದ್ದರಲ್ಲಿ?’

ವಿಶಾಲಮ್ಮ ಎದುರಿಗಿದ್ದ ಕರಡಿಗೆಯನ್ನು ಮತ್ತೊಮ್ಮೆ ನೋಡಿದರು.

‘ಓದಿದ್ದರಲ್ಲಿ ಇಲ್ಲ’ ಎಂದು ಕೂತುಕೊಂಡರು.

ವಿಭೂತಿಗೆಂದು ಈಶ್ವರ ಎದ್ದವನು ಹೆಂಡತಿಯನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಶಶ್ರೀ ಹೋಗಿ ಪಂಚಾಕ್ಷರಯ್ಯನವರ ಮುಂದೆ ಮಂಡಿಯೂರಿದಳು. ಅಯ್ಯನವರು ತಟ್ಟೆಗೆ ಕೈ ಹಾಕಿದರು. ಮೂರು ಬೆರಳು ಅವಳ ಹಣೆಯ ಮೇಲೆ, ಈ ಕಡೆಯಿಂದ ಆ ಕಡೆಗೆ, ನಿಧಾನವಾಗಿ ಹರಿದವು.